ದುಬಾರಿ ಕಂಪ್ಯೂಟರ್ ಬೇಡ, ಮುಗಿದ ವಿಡಿಯೋ ಬೇಕು



ಶಾಲೆಯ ವಾರ್ಷಿಕೋತ್ಸವ ಮುಗಿದ ಮೇಲೆ ಒಮ್ಮೆ, ಡಿಸೆಂಬರ್ ರಜೆಗೆ ಊರಿಗೆ ಹೊರಡುವ ಮುಂಚೆ ಇನ್ನೊಮ್ಮೆ, ಪೋಷಕರು ನನ್ನನ್ನು ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: "ಮಗಳು ವಿಡಿಯೋ ಎಡಿಟಿಂಗ್ ಕಲೀಬೇಕು ಅಂತಿದಾಳೆ, ಯಾವ ಕಂಪ್ಯೂಟರ್ ತಗೊಳ್ಳೋಣ?" ಮಕ್ಕಳ ಪ್ರಶ್ನೆ ಇನ್ನೂ ನೇರ: "ಅಂಕಲ್, ಗೇಮಿಂಗ್ ಲ್ಯಾಪ್‌ಟಾಪೇ ಬೇಕು ಅಲ್ವಾ? ಅಪ್ಪಂಗೆ ನೀವೇ ಹೇಳಿ." ಸಾಫ್ಟ್‌ವೇರ್ ಕೆಲಸ ಮಾಡುವವನಾದ್ದರಿಂದ ನನ್ನ ಬಳಿ ಸಿದ್ಧ ಉತ್ತರ ಇರುತ್ತದೆ ಅಂತ ಎಲ್ಲರ ನಂಬಿಕೆ. ಉತ್ತರ ಇದೆ. ಆದರೆ ಅದು ಕೇಳಿದವರಿಗೆ ಅಷ್ಟೇನೂ ಇಷ್ಟವಾಗುವುದಿಲ್ಲ. ಅದಕ್ಕೇ ಈ ಸಲ ನಮ್ಮ ಪತ್ರಿಕೆಯಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಇದು. ನಮ್ಮ ಮನೆಗಳಲ್ಲಿ ಮಕ್ಕಳು ಮಾಡುವ ವಿಡಿಯೋಗಳಿಗೆ ಎರಡು ಮೂರು ಸಾವಿರ ಡಾಲರಿನ ಕಂಪ್ಯೂಟರ್ ಬೇಕಿಲ್ಲ. ಮನೆಯಲ್ಲಿ ಈಗಾಗಲೇ ಇರುವ ಯಂತ್ರದಲ್ಲಿ ಮೊದಲು ಮೂರು ವಿಡಿಯೋ ಮಾಡಿ ಮುಗಿಸಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಅಂತ ಬರೆದಿಡಿ. ಆ ತೊಡಕಿಗೆ ಎಷ್ಟು ಬೇಕೋ ಅಷ್ಟು ಮಾತ್ರ ಖರ್ಚು ಮಾಡಿ. ಉಳಿದ ಹಣ ಒಂದು ಮೈಕಿಗೆ, ಒಂದು ಹಾರ್ಡ್ ಡಿಸ್ಕಿಗೆ ಹೋಗಲಿ.

ಇದು ಬರೀ ದುಡ್ಡು ಉಳಿಸುವ ಮಾತಲ್ಲ. ನಮ್ಮಲ್ಲಿ ಎಷ್ಟು ಜನರ ಫೋನಿನಲ್ಲಿ ಅಜ್ಜಿ ಹೇಳಿದ ಕಥೆ, ತಾತ ಹಾಡಿದ ಪದ, ಊರ ಜಾತ್ರೆಯ ತೇರು ಹಾಗೇ ಬಿದ್ದಿದೆ ನೋಡಿ. "ಒಳ್ಳೇ ಕಂಪ್ಯೂಟರ್ ತಗೊಂಡ ಮೇಲೆ ಎಡಿಟ್ ಮಾಡೋಣ" ಅಂತ ಮುಂದೂಡುತ್ತಾ ವರ್ಷಗಳು ಹೋಗುತ್ತವೆ. ಫೋನು ಒಡೆಯುತ್ತದೆ, ಕಳೆಯುತ್ತದೆ, ಜಾಗ ಸಾಲದೆ ಡಿಲೀಟ್ ಆಗುತ್ತದೆ. ಅಜ್ಜಿಗೂ ವಯಸ್ಸಾಗುತ್ತದೆ. ಮುಂದಿನ ವರ್ಷ ಕಂಪ್ಯೂಟರ್ ಸಿಗುತ್ತದೆ, ಅಜ್ಜಿಯ ಆ ದನಿ ಮತ್ತೆ ಸಿಗುತ್ತದೆ ಅಂತ ಹೇಳಲಿಕ್ಕಾಗದು.

ಮೊದಲ ಪ್ರಶ್ನೆ: ನೋಡುವವರು ಯಾರು?

ಕಂಪ್ಯೂಟರ್ ಆರಿಸುವಾಗ ಎಲ್ಲರೂ ಅಂಗಡಿಯಿಂದ ಶುರು ಮಾಡುತ್ತಾರೆ. ನೀವು ನೋಡುಗರಿಂದ ಶುರು ಮಾಡಿ. ನಿಮ್ಮ ವಿಡಿಯೋ ಯಾರು ನೋಡುತ್ತಾರೆ? ಶಿವಮೊಗ್ಗದಲ್ಲಿರುವ ಅಜ್ಜ ವಾಟ್ಸಾಪಿನಲ್ಲಿ ನೋಡುತ್ತಾರೆ. ಅತ್ತೆ, ಚಿಕ್ಕಪ್ಪ, ಅವರ ಮಕ್ಕಳು ಫ್ಯಾಮಿಲಿ ಗ್ರೂಪಿನಲ್ಲಿ ನೋಡುತ್ತಾರೆ. ಶಾಲೆಯ ಕಾರ್ಯಕ್ರಮದ ದಿನ ಸಭಾಂಗಣದ ಪ್ರೊಜೆಕ್ಟರಿನಲ್ಲಿ ನಾವೆಲ್ಲ ನೋಡುತ್ತೇವೆ. ಅಷ್ಟೇ.

ಮಕ್ಕಳೇ, ಯೂಟ್ಯೂಬ್ ಚಾನೆಲ್ ಆಸೆ ನಿಮಗಿದೆ, ಗೊತ್ತು. ಆದರೆ 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ 16 ವರ್ಷದೊಳಗಿನವರು ಸೋಷಿಯಲ್ ಮೀಡಿಯಾ ಖಾತೆ ಇಟ್ಟುಕೊಳ್ಳುವಂತಿಲ್ಲ. ಆ ಪಟ್ಟಿಯಲ್ಲಿ ಯೂಟ್ಯೂಬೂ ಇದೆ. ಹಾಗಾಗಿ ಸದ್ಯಕ್ಕೆ ನಿಮ್ಮ ನೋಡುಗರು ನಿಮ್ಮನ್ನು ಬಲ್ಲವರೇ. ಅದರಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ. ಕಥೆ ಹೇಳುವುದು ಕಲಿಯಲಿಕ್ಕೆ ಇದಕ್ಕಿಂತ ಒಳ್ಳೆ ನೋಡುಗರು ಸಿಗುವುದಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. 1080ಪಿ ವಿಡಿಯೋದ ಒಂದು ಚಿತ್ರದಲ್ಲಿ 1920 ಗುಣಿಸು 1080, ಅಂದರೆ ಸುಮಾರು 20 ಲಕ್ಷ ಚುಕ್ಕೆಗಳು. 4ಕೆ ವಿಡಿಯೋದಲ್ಲಿ 3840 ಗುಣಿಸು 2160, ಅಂದರೆ ಸುಮಾರು 83 ಲಕ್ಷ. ಸರಿಯಾಗಿ ನಾಲ್ಕು ಪಟ್ಟು. ಐಫೋನಿನ ಸೆಟ್ಟಿಂಗ್ಸಿನಲ್ಲೇ ಬರೆದಿರುತ್ತದೆ ನೋಡಿ: ಸೆಕೆಂಡಿಗೆ 30 ಚಿತ್ರದ ಲೆಕ್ಕದಲ್ಲಿ ಒಂದು ನಿಮಿಷದ 1080ಪಿ ವಿಡಿಯೋ ಸುಮಾರು 60 ಎಂಬಿ, 4ಕೆ ಆದರೆ ಸುಮಾರು 170 ಎಂಬಿ. ಅಜ್ಜಿಯ ಜೊತೆ ಒಂದು ಗಂಟೆ ಮಾತು ರೆಕಾರ್ಡ್ ಮಾಡಿದರೆ ಮೊದಲನೆಯದು 3.6 ಜಿಬಿ, ಎರಡನೆಯದು 10 ಜಿಬಿಗೂ ಹೆಚ್ಚು. ವಾಟ್ಸಾಪ್ ಕಳಿಸುವಾಗ ಇದನ್ನೆಲ್ಲ ಮತ್ತೆ ಹಿಂಡಿ ಚಿಕ್ಕದು ಮಾಡಿಬಿಡುತ್ತದೆ. ಅಂಗೈಯಗಲದ ಪರದೆಯಲ್ಲಿ ಕನ್ನಡಕ ಹಾಕಿಕೊಂಡು ನೋಡುವ ಅಜ್ಜನಿಗೆ ವ್ಯತ್ಯಾಸ ಕಾಣುವುದಿಲ್ಲ. ನಿಮ್ಮ ಕಂಪ್ಯೂಟರಿಗೆ ಮಾತ್ರ ನಾಲ್ಕು ಪಟ್ಟು ಕೆಲಸ.

ಆದ್ದರಿಂದ ಖರ್ಚಿಲ್ಲದ ಮೊದಲ ಉಪಾಯ: ಫೋನಿನ ಕ್ಯಾಮೆರಾವನ್ನು 1080ಪಿ, 30ಕ್ಕೆ ಇಡಿ. ಇದೊಂದರಿಂದಲೇ ಎಷ್ಟೋ ಮನೆಯ ಹಳೆಯ ಲ್ಯಾಪ್‌ಟಾಪ್ ಎಡಿಟಿಂಗಿಗೆ ಸಾಕಾಗುತ್ತದೆ.

ಕಂಪ್ಯೂಟರೆಂಬ ಅಡುಗೆಮನೆ

ಅಂಗಡಿಯ ಬೋರ್ಡಿನಲ್ಲಿ ಬರೆದಿರುವ ಪದಗಳು ಗಾಬರಿ ಹುಟ್ಟಿಸುತ್ತವೆ. ಒಂದು ಅಡುಗೆಮನೆಯನ್ನು ನೆನೆದುಕೊಳ್ಳಿ, ಸುಲಭವಾಗುತ್ತದೆ.

ಪ್ರೊಸೆಸರ್ ಅಂದರೆ ಅಡುಗೆಯವರು. ಮೆಮೊರಿ, ಅಂದರೆ ರ‍್ಯಾಮ್, ಅಡುಗೆ ಕಟ್ಟೆ. ಎಸ್‌ಎಸ್‌ಡಿ ಅಂದರೆ ಉಗ್ರಾಣ. ಗ್ರಾಫಿಕ್ಸ್ ಕಾರ್ಡ್ ಅಂದರೆ ದೊಡ್ಡ ಗ್ರೈಂಡರ್. ಕಟ್ಟೆ ಚಿಕ್ಕದಾದರೆ ಅಡುಗೆಯವರು ಎಷ್ಟೇ ಚುರುಕಾಗಿದ್ದರೂ ಪ್ರತಿ ಸಲ ಉಗ್ರಾಣಕ್ಕೆ ಓಡಬೇಕು. ಮನೆಮಂದಿಯ ಇಡ್ಲಿಗೆ ಮದುವೆ ಮನೆಯ ಗ್ರೈಂಡರ್ ಬೇಕಿಲ್ಲ.

ಇದನ್ನು ಎಡಿಟಿಂಗಿಗೆ ಹೊಂದಿಸಿದರೆ ಹೀಗೆ. 8 ಜಿಬಿ ಮೆಮೊರಿಯಲ್ಲಿ 1080ಪಿ ಕೆಲಸ ನಡೆಯುತ್ತದೆ, ಆದರೆ ಪಕ್ಕದಲ್ಲಿ ಬ್ರೌಸರಿನ ಇಪ್ಪತ್ತು ಟ್ಯಾಬ್ ತೆರೆದಿಟ್ಟರೆ ಏದುಸಿರು ಬಿಡುತ್ತದೆ. 16 ಜಿಬಿ ಇದ್ದರೆ ಆರಾಮ. 32 ಜಿಬಿ ಬೇಕಾಗುವುದು 4ಕೆ, ಅನಿಮೇಷನ್, ಬಹಳ ಎಫೆಕ್ಟ್ ಇರುವ ಕೆಲಸಕ್ಕೆ. ಉಗ್ರಾಣ ತಿರುಗುವ ಹಳೇ ಹಾರ್ಡ್ ಡಿಸ್ಕ್ ಆಗಿದ್ದರೆ ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ. ಹಳೆಯ ಕಂಪ್ಯೂಟರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ಗ್ರಾಫಿಕ್ಸ್ ಕಾರ್ಡ್ ಬೇರೆಯಾಗಿ ಬೇಕೇ ಬೇಕು ಅನ್ನುವುದು ಆಟಗಳಿಗೆ ಹೆಚ್ಚು ನಿಜ. ಬರೀ ಕತ್ತರಿಸಿ ಜೋಡಿಸುವ ಎಡಿಟಿಂಗಿಗೆ ಅಷ್ಟು ನಿಜವಲ್ಲ.

ಮಕ್ಕಳೇ, ಇನ್ನೊಂದು ವಿಷಯ ನಿಮಗೆ ಖುಷಿ ಕೊಡಬಹುದು. ಫೋನು ಸೆಕೆಂಡಿಗೆ 30 ಚಿತ್ರ ತೆಗೆಯುತ್ತದೆ, ಆದರೆ ಎಲ್ಲವನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಪೂರ್ತಿ ಚಿತ್ರ ಬರೆದು, ಉಳಿದದ್ದಕ್ಕೆ "ಹಿಂದಿನ ಚಿತ್ರದ ಹಾಗೇ, ಅಜ್ಜಿಯ ಕೈ ಮಾತ್ರ ಸ್ವಲ್ಪ ಮೇಲೆ" ಅಂತ ಬದಲಾವಣೆಯನ್ನಷ್ಟೇ ಬರೆಯುತ್ತದೆ. ಫೈಲ್ ಚಿಕ್ಕದಾಗುವುದು ಇದರಿಂದ. ಆದರೆ ಎಡಿಟ್ ಮಾಡುವಾಗ ನೀವು ಮಧ್ಯದ ಯಾವುದೋ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ, ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಹೋಗಿ ಒಂದೊಂದೇ ಬದಲಾವಣೆ ಲೆಕ್ಕ ಹಾಕುತ್ತಾ ಬರಬೇಕು. ವಿಡಿಯೋ ತಡವರಿಸುವುದು ಅಲ್ಲೇ.

ಇದಕ್ಕೂ ಕಾಸಿಲ್ಲದ ಉಪಾಯವಿದೆ. ಅದರ ಹೆಸರು ಪ್ರಾಕ್ಸಿ. ಕಾಲೇಜಿನಲ್ಲಿ ಗೆಳೆಯರಿಗೆ ಪ್ರಾಕ್ಸಿ ಅಟೆಂಡೆನ್ಸ್ ಹಾಕಿದ ಅಪ್ಪಂದಿರಿಗೆ ಇದು ತಕ್ಷಣ ಅರ್ಥವಾಗುತ್ತದೆ! ದೊಡ್ಡ ವಿಡಿಯೋದ ಜಾಗದಲ್ಲಿ ಅದರದೇ ಚಿಕ್ಕ, ಹಗುರ ಪ್ರತಿಯೊಂದು ಬಂದು ಕೂರುತ್ತದೆ. ನೀವು ಆ ಚಿಕ್ಕದರ ಮೇಲೆ ಕೆಲಸ ಮಾಡುತ್ತೀರಿ. ಕೊನೆಗೆ ವಿಡಿಯೋ ಹೊರತೆಗೆಯುವಾಗ ಸಾಫ್ಟ್‌ವೇರ್ ತಾನೇ ಅಸಲಿಯನ್ನು ಬಳಸುತ್ತದೆ. ಪ್ರಾಕ್ಸಿ ತಯಾರಾಗಲು ಹೊತ್ತು ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಹಳೇ ಲ್ಯಾಪ್‌ಟಾಪಿನಲ್ಲಿ 4ಕೆ ಎಡಿಟ್ ಮಾಡಲೇಬೇಕಾಗಿ ಬಂದರೂ ಹೀಗೆ ಸಾಧ್ಯ.

ಸಾಫ್ಟ್‌ವೇರಿಗೆ ದುಡ್ಡು ಕೊಡಬೇಕಿಲ್ಲ

ಇಲ್ಲಿ ಬ್ರಿಸ್ಬೇನಿನವರು ಸ್ವಲ್ಪ ಹೆಮ್ಮೆಪಡಬಹುದು. ಕ್ಲಿಪ್‌ಚಾಂಪ್ ಅನ್ನುವ ಎಡಿಟರ್ ಹುಟ್ಟಿದ್ದು ನಮ್ಮ ಊರಿನಲ್ಲೇ. 2021ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಈಗ ಅದು ವಿಂಡೋಸ್ 11ರ ಜೊತೆಗೇ ಬರುತ್ತದೆ. ಉಚಿತವಾಗಿ 1080ಪಿ ತನಕ ವಿಡಿಯೋ ಹೊರತೆಗೆಯಬಹುದು. ಮೊದಲ ಮೂರು ವಿಡಿಯೋಗೆ ಧಾರಾಳವಾಗಿ ಸಾಕು.

ಡಾವಿಂಚಿ ರಿಸಾಲ್ವ್ ಕೂಡ ಆಸ್ಟ್ರೇಲಿಯಾದ ನಂಟಿನದೇ. ಅದರ ಕಂಪನಿ ಬ್ಲ್ಯಾಕ್‌ಮ್ಯಾಜಿಕ್ ಡಿಸೈನ್ ಮೆಲ್ಬರ್ನಿನದು. ಸಿನಿಮಾಗಳ ಬಣ್ಣ ತಿದ್ದುವ ಈ ವ್ಯವಸ್ಥೆ ಹಿಂದೆ ಲಕ್ಷಾಂತರ ಡಾಲರ್ ಬೆಲೆಯ ಯಂತ್ರವಾಗಿತ್ತು. 2009ರಲ್ಲಿ ಬ್ಲ್ಯಾಕ್‌ಮ್ಯಾಜಿಕ್ ಅದನ್ನು ಕೊಂಡುಕೊಂಡಿತು, ಆಮೇಲೆ ಒಂದು ಉಚಿತ ಆವೃತ್ತಿಯನ್ನೂ ಬಿಟ್ಟಿತು. ದೊಡ್ಡ ಸ್ಟುಡಿಯೋದವರು ಬಳಸುವ ಸಾಧನ ಇವತ್ತು ಎಂಟನೇ ಕ್ಲಾಸಿನ ಹುಡುಗಿಗೂ ಪುಕ್ಕಟೆ ಸಿಗುತ್ತದೆ. ಒಂದೇ ತಕರಾರು, ಅದು ಗ್ರಾಫಿಕ್ಸ್ ಕಾರ್ಡಿನ ಮೇಲೆ ಬಹಳ ಭಾರ ಹಾಕುತ್ತದೆ. ಹಳೇ ಆಫೀಸ್ ಲ್ಯಾಪ್‌ಟಾಪಿನಲ್ಲಿ ಕುಂಟುತ್ತದೆ. ಅಂಥ ಯಂತ್ರಗಳಿಗೆ ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ವಾಸಿ. ಎರಡೂ ಓಪನ್ ಸೋರ್ಸ್, ಎರಡರಲ್ಲೂ ಪ್ರಾಕ್ಸಿ ಇದೆ. ಮನೆಯಲ್ಲಿ ಆಪಲ್ ಕಂಪ್ಯೂಟರ್ ಇದ್ದವರಿಗೆ ಐಮೂವಿ ಉಚಿತ.

ಒತ್ತಕ್ಷರದ ಪರೀಕ್ಷೆ

ಯೂಟ್ಯೂಬಿನ ವಿಮರ್ಶಕರು ಯಾರೂ ಮಾಡದ ಒಂದು ಪರೀಕ್ಷೆಯನ್ನು ನಾವು ಕನ್ನಡದವರು ಮಾಡಲೇಬೇಕು. ಸಾಫ್ಟ್‌ವೇರ್ ಹಾಕಿಕೊಂಡ ತಕ್ಷಣ ಟೈಟಲ್ ಬರೆಯುವ ಜಾಗದಲ್ಲಿ ಈ ನಾಲ್ಕು ಪದ ಟೈಪ್ ಮಾಡಿ: ಕರ್ನಾಟಕ, ಸ್ವಾತಂತ್ರ್ಯ, ರಾಷ್ಟ್ರಕೂಟ, ಶ್ರೀಕೃಷ್ಣ. ಅರ್ಕಾವೊತ್ತು ತನ್ನ ಜಾಗದಲ್ಲಿ ಕೂತಿದೆಯೇ? ಒತ್ತಕ್ಷರ ಕೆಳಗಿಳಿದಿದೆಯೇ? ಕೆಲವು ಸಾಫ್ಟ್‌ವೇರುಗಳಲ್ಲಿ "ಕನ್ನಡ" ಅಂತ ಬರೆದರೆ "ಕನ್‌ನಡ" ಅಂತ ಕಾಣುತ್ತದೆ. ಕಾರ್ಯಕ್ರಮದ ದಿನ ದೊಡ್ಡ ಪರದೆಯಲ್ಲಿ ಹಾಗೆ ಬಂದರೆ ಮೊದಲ ಸಾಲಿನಲ್ಲಿ ಕೂತ ನಮ್ಮ ಟೀಚರ್ ಸುಮ್ಮನಿರುತ್ತಾರೆಯೇ?

ಅಕ್ಷರ ಒಡೆದರೆ ಮೊದಲು ಫಾಂಟ್ ಬದಲಿಸಿ. ಯೂನಿಕೋಡ್ ಫಾಂಟನ್ನೇ ಬಳಸಿ. ವಿಂಡೋಸಿನಲ್ಲಿ ತುಂಗಾ, ನಿರ್ಮಲಾ ಇವೆ, ನೋಟೋ ಸಾನ್ಸ್ ಕನ್ನಡ ಉಚಿತವಾಗಿ ಸಿಗುತ್ತದೆ. ಅಡೋಬಿ ಪ್ರೀಮಿಯರ್ ಬಳಸುವವರು ಅದರ ಸೆಟ್ಟಿಂಗ್ಸಿನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆಯನ್ನು ಹಾಕಿಕೊಳ್ಳಬೇಕು. ಯಾವುದಕ್ಕೂ ಬಗ್ಗದಿದ್ದರೆ, ಕನ್ನಡ ಸರಿಯಾಗಿ ಕಾಣುವ ಬೇರೆ ಯಾವುದಾದರೂ ಸಾಫ್ಟ್‌ವೇರಿನಲ್ಲಿ ಟೈಟಲ್ ಬರೆದು, ಚಿತ್ರವಾಗಿ ಉಳಿಸಿ, ಆ ಚಿತ್ರವನ್ನೇ ವಿಡಿಯೋದ ಮೇಲೆ ಕೂರಿಸಿ. ಈ ತೊಡಕಿಗೆ ಹೊಸ ಕಂಪ್ಯೂಟರ್ ಪರಿಹಾರವಲ್ಲ. ಮೂರು ಸಾವಿರ ಡಾಲರಿನ ಯಂತ್ರದಲ್ಲೂ ಒಡೆದ ಒತ್ತಕ್ಷರ ಒಡೆದೇ ಕಾಣುತ್ತದೆ.

ಕೊಳ್ಳಲೇಬೇಕಾದರೆ

ಮೂರು ವಿಡಿಯೋ ಮುಗಿಸಿದ್ದೀರಿ, ಯಂತ್ರ ನಿಜಕ್ಕೂ ಸಾಲುತ್ತಿಲ್ಲ ಅಂತ ಗೊತ್ತಾಯಿತು. ಆಗ ನಾನು ಮೂರು ಮೆಟ್ಟಿಲು ಹೇಳುತ್ತೇನೆ. ಬೆಲೆಗಳು ವಾರ ವಾರ ಬದಲಾಗುತ್ತವೆ, ಆದ್ದರಿಂದ ಅಂಕಿಗಳನ್ನು ಅಂದಾಜಿಗೆ ಮಾತ್ರ ಇಟ್ಟುಕೊಳ್ಳಿ.

ಮೊದಲ ಮೆಟ್ಟಿಲು, ಸೊನ್ನೆ ಡಾಲರ್. ಇಲ್ಲಿನ ಅನೇಕ ಹೈಸ್ಕೂಲುಗಳು ಮಕ್ಕಳಿಂದ ಹೇಗೂ ಸ್ವಂತ ಲ್ಯಾಪ್‌ಟಾಪ್ ತರಿಸುತ್ತವೆ. ಅದರಲ್ಲೇ ಕಲಿಯಿರಿ. ಶಾಲೆಯವರ ನಿಯಂತ್ರಣ ಇದ್ದರೆ ಸಾಫ್ಟ್‌ವೇರ್ ಹಾಕುವ ಮೊದಲು ಕೇಳಿಕೊಳ್ಳಿ. ಇಲ್ಲವೇ ಸನ್ನಿಬ್ಯಾಂಕ್ ಸ್ಟೇಷನ್ನಿನಲ್ಲಿ 50 ಸೆಂಟ್ ಕೊಟ್ಟು ಬೀನ್ಲೀ ಲೈನಿನ ರೈಲು ಹತ್ತಿ, ಸೌತ್ ಬ್ರಿಸ್ಬೇನಿನಲ್ಲಿ ಇಳಿಯಿರಿ. ಅಲ್ಲಿ ಸ್ಟೇಟ್ ಲೈಬ್ರರಿ ಆಫ್ ಕ್ವೀನ್ಸ್‌ಲ್ಯಾಂಡಿನ ದಿ ಎಡ್ಜ್ ಇದೆ. ಡಿಜಿಟಲ್ ಕೆಲಸ ಕಲಿಯುವವರಿಗೆಂದೇ ಇರುವ ಜಾಗ ಅದು. ಹೋಗುವ ಮುಂಚೆ ಫೋನ್ ಮಾಡಿ, ಈಗ ಏನೇನು ಸಲಕರಣೆ ಇದೆ, ಎಷ್ಟು ವಯಸ್ಸಿನವರಿಗೆ ಬಿಡುತ್ತಾರೆ ಅಂತ ವಿಚಾರಿಸಿ.

ಎರಡನೇ ಮೆಟ್ಟಿಲು, ಸುಮಾರು 500 ಡಾಲರ್. ಕಂಪನಿಗಳು ಮೂರು ನಾಲ್ಕು ವರ್ಷ ಬಳಸಿ ಬಿಟ್ಟುಕೊಟ್ಟ ಆಫೀಸ್ ಲ್ಯಾಪ್‌ಟಾಪುಗಳನ್ನು ಶುಚಿ ಮಾಡಿ, ಪರೀಕ್ಷಿಸಿ, ಮರಳಿ ಮಾರುವ ಅಂಗಡಿಗಳಿವೆ. ಲೆನೊವೊ ಥಿಂಕ್‌ಪ್ಯಾಡ್ ಟಿ480, ಡೆಲ್ ಲ್ಯಾಟಿಟ್ಯೂಡ್ 5490, ಎಚ್‌ಪಿ ಎಲೀಟ್‌ಬುಕ್ 840 ಜಿ5, ಈ ಜಾತಿಯವು. ನೋಡಲು ಕಪ್ಪಗೆ, ದಪ್ಪಗೆ, ಆಫೀಸಿನ ವಾಸನೆ. ಮಕ್ಕಳಿಗೆ ಮೆಚ್ಚುಗೆಯಾಗುವುದು ಕಷ್ಟ. ಆದರೆ ಇವು ಗಟ್ಟಿ, ಬಿಚ್ಚಿ ಮೆಮೊರಿ ಹೆಚ್ಚಿಸಬಹುದು, ಬ್ಯಾಟರಿ ಬದಲಿಸಬಹುದು. ಐಫೋನಿನ ಹೊಸ ಬಗೆಯ ವಿಡಿಯೋವನ್ನು ಬಿಚ್ಚಿ ತೋರಿಸುವ ಸಾಮರ್ಥ್ಯ ಆ ಕಾಲದ ಇಂಟೆಲ್ ಪ್ರೊಸೆಸರಿನೊಳಗೇ ಇದೆ. 16 ಜಿಬಿ ಇರುವುದನ್ನೇ ನೋಡಿ.

ಮೂರನೇ ಮೆಟ್ಟಿಲು, ಸುಮಾರು 1000 ಡಾಲರ್. ಮನೆಯಲ್ಲಿ ಮಾನಿಟರ್, ಕೀಬೋರ್ಡ್ ಇದ್ದವರು ಆಪಲ್‌ನ ಚಿಕ್ಕ ಡಬ್ಬಿ ಮ್ಯಾಕ್ ಮಿನಿ ನೋಡಬಹುದು. ಎಂ4 ಚಿಪ್ಪಿನದು 2024ರ ಕೊನೆಯಲ್ಲಿ ಬಂದಾಗ ಇಲ್ಲಿ 999 ಡಾಲರಿನಿಂದ ಶುರುವಾಗಿತ್ತು, 16 ಜಿಬಿ ಮೆಮೊರಿ ಸೇರಿ. 4ಕೆ ಎಡಿಟಿಂಗಿಗೆ ಅದು ಚೆನ್ನಾಗಿಯೇ ಆಗುತ್ತದೆ. ಲ್ಯಾಪ್‌ಟಾಪೇ ಬೇಕೆಂದರೆ ಬಳಸಿದ ಮ್ಯಾಕ್‌ಬುಕ್ ಏರ್ ಎಂ1 ಕೂಡ ಇದೆ, 2020ರದ್ದು. ಒಂದು ಎಚ್ಚರ: ಈ ಚಿಪ್ಪಿನ ಯಂತ್ರಗಳಲ್ಲಿ ಮೆಮೊರಿಯನ್ನು ಆಮೇಲೆ ಹೆಚ್ಚಿಸಲಾಗದು. ಕೊಳ್ಳುವ ದಿನ ಎಷ್ಟಿದೆಯೋ ಅಷ್ಟೇ. ಎಂ1 ಏರಿನಲ್ಲಿ ಫ್ಯಾನೂ ಇಲ್ಲ, ಜನವರಿಯ ಸೆಕೆಯಲ್ಲಿ ಉದ್ದನೆಯ ವಿಡಿಯೋ ಹೊರತೆಗೆಯುವಾಗ ತಾನಾಗಿಯೇ ನಿಧಾನವಾಗುತ್ತದೆ.

ಇದಕ್ಕಿಂತ ಮೇಲಿನ ಮೆಟ್ಟಿಲನ್ನು ನಾನು ಬೇಕೆಂದೇ ಬರೆದಿಲ್ಲ.

ಬಳಸಿದ್ದನ್ನು ಕೊಳ್ಳುವಾಗ

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೇ ಪೀಳಿಗೆ ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್ ಬೇಕು. ಬಹಳ ಅಗ್ಗಕ್ಕೆ ಸಿಗುವ ಲ್ಯಾಪ್‌ಟಾಪ್ 6ನೇ ಅಥವಾ 7ನೇ ಪೀಳಿಗೆಯದೇ ಅಂತ ನೋಡಿಕೊಳ್ಳಿ. ಐ5 ಅಥವಾ ಐ7 ಅನ್ನುವ ಅಕ್ಷರದ ನಂತರ ಬರುವ ನಾಲ್ಕಂಕಿಯ ಸಂಖ್ಯೆ 8ರಿಂದ ಶುರುವಾದರೆ 8ನೇ ಪೀಳಿಗೆ, 7ರಿಂದ ಶುರುವಾದರೆ 7ನೆಯದು. ಇದು ಮಕ್ಕಳಿಗೇ ಒಪ್ಪಿಸಬಹುದಾದ ಪತ್ತೇದಾರಿ ಕೆಲಸ.

ಅಂಗಡಿಯಿಂದ ಕೊಂಡ ಬಳಸಿದ ಸಾಮಾನಿಗೂ ಆಸ್ಟ್ರೇಲಿಯಾದ ಗ್ರಾಹಕ ಕಾನೂನಿನ ರಕ್ಷಣೆ ಇದೆ. ಅದರ ಹಳತನಕ್ಕೆ, ಬೆಲೆಗೆ ತಕ್ಕಷ್ಟು ಕಾಲ ಅದು ಸರಿಯಾಗಿ ಕೆಲಸ ಮಾಡಬೇಕು. ಆನ್‌ಲೈನಿನಲ್ಲಿ ಯಾರೋ ಮನೆಯವರಿಂದ ಕೊಂಡರೆ ಆ ರಕ್ಷಣೆ ಬಹುಮಟ್ಟಿಗೆ ಇಲ್ಲ. ಐವತ್ತು ನೂರು ಡಾಲರ್ ಹೆಚ್ಚಾದರೂ ರಸೀದಿ ಕೊಡುವ ಕಡೆ ಕೊಳ್ಳಿ ಅನ್ನುವುದು ನನ್ನ ಸಲಹೆ. "ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಗ್ಗ, ಈ ಸಲ ಬರುವಾಗ ತಂದುಬಿಡೋಣ" ಅನ್ನುವವರಿಗೂ ಇದೇ ಮಾತು. ಕೆಟ್ಟರೆ ಸರಿಮಾಡಿಸಲು ಮುಂದಿನ ರಜೆಯ ತನಕ ಕಾಯಬೇಕಾದೀತು.

ಕೊಳ್ಳುವ ಮುನ್ನ ಅಂಗಡಿಯಲ್ಲೇ ಒಂದು ಕೆಲಸ ಮಾಡಿ. ನಿಮ್ಮ ಫೋನಿನಲ್ಲಿ ತೆಗೆದ ವಿಡಿಯೋವನ್ನೇ ಪೆನ್‌ಡ್ರೈವಿನಲ್ಲಿ ಒಯ್ದು ಅದರಲ್ಲಿ ಓಡಿಸಿ ನೋಡಲು ಕೇಳಿ. ಮುಂದೆ ಹಿಂದೆ ಎಳೆದು ನೋಡಿ. ಬ್ಯಾಟರಿ, ಯುಎಸ್‌ಬಿ ಕಿಂಡಿಗಳು, ಪರದೆಯ ಮೂಲೆಗಳು, ಎಲ್ಲ ಪರೀಕ್ಷಿಸಿ. ಸೀರೆಯನ್ನು ಬಿಡಿಸಿ ನೋಡದೆ ಯಾರಾದರೂ ಕೊಳ್ಳುತ್ತಾರೆಯೇ?

ಉಳಿದ ಹಣ ಎಲ್ಲಿ ಹೋಗಬೇಕು

ಮೊದಲು ದನಿಗೆ. ಚಿತ್ರ ಸ್ವಲ್ಪ ಮಸುಕಾದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಅರ್ಧ ನಿಮಿಷವೂ ನೋಡುವುದಿಲ್ಲ. ನಮ್ಮ ವಿಡಿಯೋಗಳಲ್ಲಿ ಬೆಲೆಬಾಳುವುದೇ ಮಾತು. ಧಾರವಾಡದ ಅಜ್ಜಿಯ ಕನ್ನಡ, ಮಂಗಳೂರಿನ ಅಜ್ಜಿಯ ಕನ್ನಡ, ಮಂಡ್ಯದ ಅಜ್ಜಿಯ ಕನ್ನಡ ಒಂದೇ ಥರ ಇಲ್ಲ. ಆ ರಾಗ, ಆ ಪದಗಳು ನಮ್ಮ ಪಠ್ಯಪುಸ್ತಕದಲ್ಲಿಲ್ಲ, ಇಲ್ಲಿ ಸನ್ನಿಬ್ಯಾಂಕಿನಲ್ಲಿ ಹುಟ್ಟಿದ ಮಕ್ಕಳಿಗೆ ಬೇರೆ ಎಲ್ಲೂ ಸಿಗುವುದಿಲ್ಲ. ಮಂಡ್ಯ ಜಿಲ್ಲೆಯ ಹಳ್ಳಿಯ ಜನರನ್ನೇ ನಟರನ್ನಾಗಿ ಮಾಡಿ ರಾಮ್ ರೆಡ್ಡಿ ತೆಗೆದ "ತಿಥಿ" 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೋ ಚಿತ್ರೋತ್ಸವದಲ್ಲಿ ಪ್ರಶಸ್ತಿ ಗೆದ್ದಿತು. ಅದನ್ನು ನೋಡಿದ ಪೋಷಕರಿಗೆ ಆ ಊರಿನ ಮಾತು ಇನ್ನೂ ಕಿವಿಯಲ್ಲಿರಬಹುದು. ಅಂಗಿಗೆ ಸಿಕ್ಕಿಸುವ ತಂತಿಯ ಮೈಕು ಕೆಲವೇ ಹತ್ತು ಡಾಲರಿಗೆ ಸಿಗುತ್ತದೆ. ಅದನ್ನು ಫೋನಿಗೆ ಚುಚ್ಚಿ, ಅಜ್ಜಿಯ ಸೆರಗಿಗೆ ಸಿಕ್ಕಿಸಿ. ಊರಿನಲ್ಲಾದರೆ ಟಿವಿ ಧಾರಾವಾಹಿ ಮುಗಿದ ಮೇಲೆ, ಕುಕ್ಕರ್ ಇಳಿಸಿದ ಮೇಲೆ ರೆಕಾರ್ಡ್ ಮಾಡಿ. ಇಲ್ಲಾದರೆ ಸಂಜೆ ಲೋರಿಕೀಟ್ ಗಿಳಿಗಳ ಗಲಾಟೆಗೆ ಮುಂಚೆ. ಫ್ಯಾನ್ ಆರಿಸುವುದನ್ನು ಮರೆಯಬೇಡಿ.

ಎರಡನೆಯದು ಪ್ರತಿಗಳಿಗೆ. ಮೂರು ಪ್ರತಿ ಇರಬೇಕು: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡಿಸ್ಕಿನಲ್ಲಿ, ಒಂದು ಬೇರೆ ಮನೆಯಲ್ಲಿ ಅಥವಾ ಕ್ಲೌಡಿನಲ್ಲಿ. ಬೇರೆ ಮನೆ ಯಾಕೆ ಅಂತ ಬ್ರಿಸ್ಬೇನಿನವರಿಗೆ ಹೇಳಬೇಕಿಲ್ಲ. 2011ರ ಜನವರಿಯಲ್ಲಿ, ಮತ್ತೆ 2022ರ ಫೆಬ್ರವರಿಯಲ್ಲಿ ನಮ್ಮ ಪಕ್ಕದ ರಾಕ್ಲೀ, ಆಕ್ಸ್ಲಿ ಕಡೆ ನೀರು ಮನೆಯೊಳಗೇ ಬಂದಿತ್ತು. ಒಂದೇ ಮೇಜಿನ ಮೇಲಿರುವ ಲ್ಯಾಪ್‌ಟಾಪೂ ಡಿಸ್ಕೂ ಒಟ್ಟಿಗೇ ಮುಳುಗುತ್ತವೆ. ಗೆಳೆಯರ ಎರಡು ಕುಟುಂಬ ಪರಸ್ಪರ ಒಂದೊಂದು ಡಿಸ್ಕ್ ಇಟ್ಟುಕೊಂಡರೆ ಖರ್ಚೂ ಇಲ್ಲ, ಭಯವೂ ಇಲ್ಲ.

"ಆದರೂ..." ಅನ್ನುವವರಿಗೆ

"ಈಗಲೇ ಒಳ್ಳೇದು ತಗೊಂಡರೆ ಹತ್ತು ವರ್ಷ ಬಾಳುತ್ತೆ" ಅಂತ ಅಪ್ಪಂದಿರು ಹೇಳುತ್ತಾರೆ. ಫ್ರಿಜ್ಜಿಗೆ ಈ ಮಾತು ಸರಿ. ಕಂಪ್ಯೂಟರಿನಲ್ಲಿ ಇವತ್ತು 3000 ಡಾಲರಿಗೆ ಸಿಗುವ ಶಕ್ತಿ ಕೆಲವು ವರ್ಷಗಳಲ್ಲಿ ಬಹಳ ಕಡಿಮೆ ಬೆಲೆಗೆ ಇಳಿಯುತ್ತದೆ. ಮಗುವಿನ ಆಸಕ್ತಿ ಅಷ್ಟರಲ್ಲಿ ತಬಲಾಕ್ಕೋ ಕ್ರಿಕೆಟ್ಟಿಗೋ ಹೋಗಿರಬಹುದು, ಹೋಗಲಿ ಕೂಡ. ಈಗ 500 ಖರ್ಚು ಮಾಡಿ, ಮೂರು ವರ್ಷದ ಮೇಲೂ ಆಸಕ್ತಿ ಉಳಿದಿದ್ದರೆ ಆಗ 1000 ಖರ್ಚು ಮಾಡಿ. ಆಗಲೂ ಅರ್ಧ ಹಣ ಕೈಯಲ್ಲಿರುತ್ತದೆ.

"ಗೆಳೆಯನ ಹತ್ರ ದೊಡ್ಡದಿದೆ" ಅಂತ ಮಕ್ಕಳು ಹೇಳುತ್ತೀರಿ. ಇರಲಿ, ಅದರಲ್ಲಿ ಆಟ ಚೆನ್ನಾಗಿ ಓಡುತ್ತದೆ, ನಾನು ಸುಳ್ಳು ಹೇಳುವುದಿಲ್ಲ. ನಿಮಗೆ ಬೇಕಿರುವುದು ಆಟಕ್ಕಾದರೆ ಆಟಕ್ಕೇ ಅಂತ ನೇರವಾಗಿ ಕೇಳಿ. ಅದು ಬೇರೆ ಚರ್ಚೆ, ಅದರಲ್ಲಿ ಅಪ್ಪ ಅಮ್ಮನನ್ನು ಒಪ್ಪಿಸುವುದು ನಿಮ್ಮ ಜಾಣ್ಮೆ. ಎಡಿಟಿಂಗಿನ ಹೆಸರು ಹೇಳಿ ಆಟದ ಯಂತ್ರ ತರಿಸಿಕೊಳ್ಳಬೇಡಿ!

"ಮುಂದೆ ಇದನ್ನೇ ವೃತ್ತಿ ಮಾಡ್ಕೋತೀನಿ" ಅನ್ನುವ ದೊಡ್ಡ ಮಕ್ಕಳಿಗೆ ನನ್ನ ಗೌರವವಿದೆ. ನಿಮಗೆ ನಿಜಕ್ಕೂ ಶಕ್ತಿಯುತ ಯಂತ್ರ ಬೇಕಾಗುವ ದಿನ ಬರುತ್ತದೆ. ಆ ದಿನ ಅಪ್ಪ ಅಮ್ಮನಿಗೆ ತೋರಿಸಲು ನಿಮ್ಮ ಬಳಿ ಇಪ್ಪತ್ತು ಮುಗಿದ ವಿಡಿಯೋ ಇರಲಿ. ಯಾವ ಕೆಲಸಕ್ಕೆ ಎಷ್ಟು ಹೊತ್ತು ಕಾಯಬೇಕಾಯಿತು ಅನ್ನುವ ಲೆಕ್ಕವೂ ಇರಲಿ. ಅದಕ್ಕಿಂತ ಒಳ್ಳೆಯ ಅರ್ಜಿ ಇಲ್ಲ.

ಈ ರಜೆಯ ಹೋಂವರ್ಕ್

ಕೊನೆಗೊಂದು ಹೋಂವರ್ಕ್, ಮಾರ್ಕ್ಸ್ ಇಲ್ಲದ್ದು. ಊರಿಗೆ ಹೋಗುವವರು ಅಲ್ಲೇ, ಹೋಗದವರು ವಿಡಿಯೋ ಕಾಲಿನಲ್ಲಿ, ಮನೆಯ ಹಿರಿಯರೊಬ್ಬರನ್ನು ಐದು ಪ್ರಶ್ನೆ ಕೇಳಿ. ಕನ್ನಡದಲ್ಲೇ ಕೇಳಿ, ತಪ್ಪಾದರೂ ಪರವಾಗಿಲ್ಲ. ಭಾರತ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಆದ್ದರಿಂದ ನಮ್ಮ ಮಧ್ಯಾಹ್ನ ಮೂರಕ್ಕೆ ಅವರ ಬೆಳಗಿನ ತಿಂಡಿ ಮುಗಿದಿರುತ್ತದೆ. ರೆಕಾರ್ಡ್ ಮಾಡುವ ಮುಂಚೆ, ಯಾರಿಗೆಲ್ಲ ತೋರಿಸಬಹುದು ಅಂತ ಅವರನ್ನೇ ಕೇಳಿ ಒಪ್ಪಿಗೆ ಪಡೆಯಿರಿ. ಮನೆಯಲ್ಲಿರುವ ಯಂತ್ರದಲ್ಲೇ ಅದನ್ನು ಮೂರು ನಿಮಿಷಕ್ಕೆ ಇಳಿಸಿ. ಮೊದಲಿಗೆ ಕನ್ನಡದಲ್ಲಿ ಅವರ ಹೆಸರು, ಊರು ಬರೆಯಿರಿ, ಒತ್ತಕ್ಷರ ಸರಿ ಇರಲಿ. ಕತ್ತರಿಸಿದ ಉಳಿದ ಭಾಗವನ್ನು ಎಸೆಯಬೇಡಿ, ಪೂರ್ತಿ ರೆಕಾರ್ಡಿಂಗನ್ನು ಡಿಸ್ಕಿನಲ್ಲಿ ಜೋಪಾನವಾಗಿಡಿ. ಇವತ್ತು ನಿಮಗೆ ಬೇಡ ಅನಿಸಿದ ಮಾತು ಇಪ್ಪತ್ತು ವರ್ಷದ ಮೇಲೆ ಬೇಕಾದೀತು.

ಪೋಷಕರೇ, ಮಕ್ಕಳು ಕೂತಲ್ಲಿ ನೀವೂ ಪಕ್ಕದಲ್ಲಿ ಕೂರಿ. ಅಜ್ಜಿ ಹೇಳಿದ ಯಾವುದೋ ಪದಕ್ಕೆ ಅರ್ಥ ಕೇಳುತ್ತಾರೆ. ಅದನ್ನು ಹೇಳಲು ಯಾವ ಕಂಪ್ಯೂಟರಿಗಿಂತಲೂ ನೀವೇ ಬೇಕು.

ಹೊಸ ವರ್ಷದ ಮೊದಲ ತರಗತಿಗೆ ಬರುವಾಗ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ತನ್ನಿ. ಪ್ರೊಜೆಕ್ಟರ್ ನಾನು ಹಚ್ಚಿಡುತ್ತೇನೆ. ಎಲ್ಲರಿಗೂ ರಜೆಯ ಶುಭಾಶಯಗಳು.